ಎಚ್. ಪೈಲೋರಿ ಸೋಂಕು: ಯಾವ ಪರೀಕ್ಷೆ ಮಾಡಿಸಬೇಕು, ಯಾವ ಚಿಕಿತ್ಸೆ ಒಳ್ಳೆಯದು?

ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಎರಡು ತುತ್ತು ಉಂಡರೆ ಮೇಲ್ಹೊಟ್ಟೆ ಬಿಗಿದುಕೊಳ್ಳುವುದು, ನಮ್ಮಲ್ಲಿ ಇಷ್ಟಕ್ಕೂ ಇರುವುದು ಒಂದೇ ಹೆಸರು: ಗ್ಯಾಸ್ಟ್ರಿಕ್. ಮದ್ದೂ ಒಂದೇ. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಗೆ ಒಂದು ಪ್ಯಾಂಟೊಪ್ರಜೋಲ್. ಔಷಧ ಅಂಗಡಿಯವರು ಚೀಟಿ ಕೇಳುವುದಿಲ್ಲ, ನಾವೂ ವೈದ್ಯರ ಬಳಿ ಹೋಗುವುದಿಲ್ಲ. ಹೀಗೆ ತಿಂಗಳುಗಳು, ಕೆಲವು ಮನೆಗಳಲ್ಲಿ ವರ್ಷಗಳೇ ಉರುಳುತ್ತವೆ. ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆ, ನೋವು ಶಮನವಾಗುತ್ತದೆ. ಆದರೆ ಜಠರದ ಉರಿಯೂತಕ್ಕೆ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಅದು ಅಲ್ಲೇ ಉಳಿದಿರುತ್ತದೆ. ಅಷ್ಟೇ ಆಗಿದ್ದರೆ ಸರಿ. ಮುಂದೊಂದು ದಿನ ಪರೀಕ್ಷೆ ಮಾಡಿಸಿದಾಗ ಅದು ಪತ್ತೆಯಾಗದಂತೆಯೂ ಇದೇ ಮಾತ್ರೆ ಮಾಡಿಬಿಡುತ್ತದೆ.

ಈ ಬ್ಯಾಕ್ಟೀರಿಯಾದ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ನೆಲೆಯೂರಲಾರದು ಎಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ರೋಗಿಗಳ ಜಠರದಿಂದ ಇದನ್ನು ತೆಗೆದು ಬೆಳೆಸಿ ತೋರಿಸಿದರು. ಉರಿಯೂತಕ್ಕೂ ಹುಣ್ಣಿಗೂ ಇದೇ ಕಾರಣ ಎಂದರೆ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಉರಿಯೂತ ಕಂಡಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಮುಂಚೆಯೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಎಚ್. ಪೈಲೋರಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ.

ಇಷ್ಟು ಓದಿ ಹೆದರಬೇಕಿಲ್ಲ. ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಇದು ಇದೆ. ಸೋಂಕು ಸಾಮಾನ್ಯವಾಗಿ ತಗಲುವುದು ಬಾಲ್ಯದಲ್ಲಿ, ಅದೂ ಮನೆಯೊಳಗೇ. ಸೋಂಕಿದ್ದವರೆಲ್ಲರ ಜಠರದಲ್ಲೂ ಒಂದಷ್ಟು ಉರಿಯೂತ ಇದ್ದೇ ಇರುತ್ತದೆ, ಆದರೆ ಬಹುಪಾಲು ಜನರಿಗೆ ಅದು ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ನೂರು ಸೋಂಕಿತರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಹುಣ್ಣಾಗಬಹುದು. ಕ್ಯಾನ್ಸರ್ ಬರುವುದು ಒಬ್ಬರಿಂದ ಮೂವರಿಗೆ. ಅದೂ ದಿಢೀರನೆ ಬರುವುದಲ್ಲ. ಮೊದಲು ಬಹುಕಾಲದ ಉರಿಯೂತ, ಆಮೇಲೆ ಒಳಪದರದ ಗ್ರಂಥಿಗಳು ಸವೆದು ಪದರ ತೆಳುವಾಗುವುದು, ನಂತರ ಜಠರದ ಒಳಪದರವೇ ಕರುಳಿನ ಒಳಪದರದಂತೆ ಮಾರ್ಪಡುವುದು, ಮುಂದೆ ಕೋಶಗಳ ರೂಪ ಕೆಡುವುದು, ಕೊನೆಗೆ ಕ್ಯಾನ್ಸರ್. ಕೊಲಂಬಿಯಾ ಮೂಲದ ರೋಗಶಾಸ್ತ್ರಜ್ಞ ಪೆಲಾಯೊ ಕೊರಿಯಾ ವಿವರಿಸಿದ ಈ ಹಾದಿಗೆ ದಶಕಗಳೇ ಹಿಡಿಯುತ್ತವೆ. ನಮಗೆ ಸಿಗುವ ಅವಕಾಶವೂ ಅದೇ: ತಡೆಯಲು ಸಮಯವಿದೆ.

ಆದರೆ ಕ್ಯಾನ್ಸರ್ ಬಂದವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ 1,526 ರೋಗಿಗಳನ್ನು ಸರಾಸರಿ ಏಳೂಮುಕ್ಕಾಲು ವರ್ಷ ಗಮನಿಸಲಾಯಿತು. ಸೋಂಕಿದ್ದ 1,246 ಮಂದಿಯಲ್ಲಿ 36 ಜನರಿಗೆ ಜಠರ ಕ್ಯಾನ್ಸರ್ ಬಂತು. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಅನ್ನನಾಳ ಕೂಡುವ ಮೇಲ್ತುದಿಯನ್ನು ಬಿಟ್ಟು ಜಠರದ ಉಳಿದ ಭಾಗದಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 90ರಷ್ಟಕ್ಕೆ ಈ ಬ್ಯಾಕ್ಟೀರಿಯಾದ ನಂಟಿದೆ ಎಂದು ಅಂದಾಜಿಸಲಾಗಿದೆ.

ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರನ್ನೂ ಹುಡುಕಿ ಹುಡುಕಿ ಪರೀಕ್ಷಿಸುವ ಅಗತ್ಯ ನಮ್ಮಲ್ಲಿ ಇಲ್ಲ ಎಂಬುದು ನನ್ನ ನಿಲುವು. ಭಾರತದಲ್ಲಿ ಸೋಂಕು ಬಹಳ ಸಾಮಾನ್ಯ, ಆದರೆ ಜಠರ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ಎಷ್ಟೋ ಕಡಿಮೆ. ಬ್ಯಾಕ್ಟೀರಿಯಾದ ತಳಿ, ಆಹಾರ, ವಂಶವಾಹಿ ಎಂದು ವಿಜ್ಞಾನಿಗಳು ಹಲವು ಕಾರಣ ಮುಂದಿಡುತ್ತಾರೆ. ದೇಶದೊಳಗೂ ವ್ಯತ್ಯಾಸ ದೊಡ್ಡದು. ಹೊಗೆಯಾಡಿಸಿದ ಮಾಂಸ ಮತ್ತು ತಂಬಾಕಿನ ಬಳಕೆ ಹೆಚ್ಚಿರುವ ಮಿಜೋರಾಂನಲ್ಲಿ ಜಠರ ಕ್ಯಾನ್ಸರ್ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿದೆ.

ಹಾಗಾದರೆ ಯಾರು ಮಾಡಿಸಬೇಕು? ಜಠರ ಅಥವಾ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗಿದ್ದವರು, ಅದು ಹಿಂದೆಂದೋ ಆಗಿ ವಾಸಿಯಾಗಿದ್ದರೂ ಸರಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರ ಕ್ಯಾನ್ಸರ್ ಬಂದಿದ್ದವರು. ವಾರಗಟ್ಟಲೆ ಬಿಡದೆ ಕಾಡುವ ಮೇಲ್ಹೊಟ್ಟೆ ನೋವು ಅಥವಾ ಅಜೀರ್ಣ ಇರುವವರು. ಕಾರಣವೇ ಸಿಗದ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರು. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಏರದ ಹೆಂಗಸರಲ್ಲಿ ಈ ಸೋಂಕಿನ ಕಡೆ ಗಮನ ಹರಿಯುವುದೇ ಅಪರೂಪ. ಹೃದಯಕ್ಕಾಗಿ ಆಸ್ಪಿರಿನ್ ಅಥವಾ ಮಂಡಿನೋವಿಗಾಗಿ ನೋವುನಿವಾರಕ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಳ್ಳಬೇಕಾದವರೂ ಶುರುಮಾಡುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು, ಏಕೆಂದರೆ ಸೋಂಕೂ ಆ ಮಾತ್ರೆಯೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು.

ಒಂದು ಮಾತು ನೆನಪಿರಲಿ. ಸೋಂಕು ಪತ್ತೆಯಾದರೆ ಚಿಕಿತ್ಸೆ ತೆಗೆದುಕೊಳ್ಳುವ ಮನಸ್ಸಿದ್ದರೆ ಮಾತ್ರ ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಕಡತದಲ್ಲಿಟ್ಟು ಚಿಂತಿಸುತ್ತಾ ಕೂರುವುದರಿಂದ ಯಾರಿಗೂ ಉಪಯೋಗವಿಲ್ಲ.

ನಾಲ್ಕು ಪರೀಕ್ಷೆಗಳು

ಪರೀಕ್ಷೆ ಆರಿಸುವ ಮುನ್ನ ನಿಮಗೆ ಬೇಕಾದ ಉತ್ತರ ಯಾವುದೆಂದು ತಿಳಿದುಕೊಳ್ಳಬೇಕು. 'ಬ್ಯಾಕ್ಟೀರಿಯಾ ಈಗ ಇದೆಯೇ?' ಎಂಬುದು ಒಂದು ಪ್ರಶ್ನೆ. 'ಜಠರದ ಒಳಪದರ ಯಾವ ಸ್ಥಿತಿಯಲ್ಲಿದೆ?' ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಬೆರೆಸಿಕೊಂಡಾಗಲೇ ಹಣವೂ ಪೋಲು, ಕಾಯಿಲೆಯೂ ಕೈತಪ್ಪಿ ಹೋಗುವುದು.

ಉಸಿರಿನ ಪರೀಕ್ಷೆಯಿಂದ ಶುರುಮಾಡೋಣ. ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವವನ್ನು ಧಾರಾಳವಾಗಿ ಉತ್ಪಾದಿಸುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆ ಅಮೋನಿಯಾದ ಆಸರೆಯಲ್ಲೇ ಅದು ಆಮ್ಲದ ನಡುವೆ ಬದುಕುವುದು. ಪರೀಕ್ಷೆಯಲ್ಲಿ ಗುರುತು ಹಾಕಿದ ಇಂಗಾಲವಿರುವ ಯೂರಿಯಾವನ್ನು ಬರಿಹೊಟ್ಟೆಯಲ್ಲಿ ನುಂಗಿಸಿ, ಸ್ವಲ್ಪ ಹೊತ್ತಿನ ಬಳಿಕ ಉಸಿರನ್ನು ಸಂಗ್ರಹಿಸುತ್ತಾರೆ. ಗುರುತಿನ ಇಂಗಾಲ ಉಸಿರಿನಲ್ಲಿ ಬಂದರೆ ಬ್ಯಾಕ್ಟೀರಿಯಾ ಒಳಗಿದೆ ಎಂದರ್ಥ. ನೂರರಲ್ಲಿ ಸುಮಾರು 95 ಸಲ ಉತ್ತರ ಸರಿಯಾಗಿರುತ್ತದೆ. ಇದರಲ್ಲಿ ಎರಡು ಬಗೆ: ಕಾರ್ಬನ್-13 ಬಳಸುವುದರಲ್ಲಿ ವಿಕಿರಣವೇ ಇಲ್ಲ, ಕಾರ್ಬನ್-14ರಲ್ಲಿ ತೀರಾ ಅಲ್ಪ ವಿಕಿರಣವಿದೆ. ಗರ್ಭಿಣಿಯರಿಗೂ ಮಕ್ಕಳಿಗೂ ಎರಡನೆಯದು ಬೇಡ. ಪ್ರಯೋಗಾಲಯದವರು ಯಾವುದನ್ನು ಮಾಡುತ್ತಾರೆಂದು ಮೊದಲೇ ಕೇಳಿ.

ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನು, ಅಂದರೆ ಆಂಟಿಜೆನ್ ಅನ್ನು ಹುಡುಕುವ ಪರೀಕ್ಷೆ ನಿಖರತೆಯಲ್ಲಿ ಇದಕ್ಕೆ ಹತ್ತಿರ ಹತ್ತಿರ ಬರುತ್ತದೆ. ಉಸಿರಿನ ಯಂತ್ರ ಇಲ್ಲದ ಊರುಗಳಲ್ಲಿ ನನ್ನ ಆಯ್ಕೆ ಇದೇ. ಚಿಕ್ಕ ಡಬ್ಬಿಯಲ್ಲಿ ಮಾದರಿ ಕೊಟ್ಟರಾಯಿತು, ಪ್ರಯೋಗಾಲಯದವರು ದೊಡ್ಡ ಊರಿಗೆ ಕಳುಹಿಸುತ್ತಾರೆ. ಮಕ್ಕಳಿಗೂ ಅನುಕೂಲ. ಮುಜುಗರವೆಂದು ಬಿಡುವವರು ಬಹಳ ಮಂದಿ; ಮುಜುಗರಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಚೀಟಿಯಲ್ಲಿ 'ಆಂಟಿಜೆನ್' ಎಂದು ಬರೆದಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಸಾಮಾನ್ಯ ಮಲ ಪರೀಕ್ಷೆಯಲ್ಲಿ ಈ ಬ್ಯಾಕ್ಟೀರಿಯಾ ಗೊತ್ತಾಗುವುದಿಲ್ಲ.

ರಕ್ತ ಪರೀಕ್ಷೆ ಅಗ್ಗ, ಸುಲಭ, ಎಲ್ಲೆಡೆ ಸಿಗುತ್ತದೆ. ಬಹುಪಾಲು ಜನರಿಗೆ ಇದು ಬೇಡ ಎಂದೇ ನಾನು ಹೇಳುತ್ತೇನೆ. ಇದು ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಒಲೆ ಆರಿಸಿದ ಮೇಲೂ ಗೋಡೆಯ ಮಸಿ ಉಳಿಯುವಂತೆ, ಸೋಂಕು ವಾಸಿಯಾಗಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದರೂ ಪ್ರತಿಕಾಯ ರಕ್ತದಲ್ಲಿ ಇರುತ್ತದೆ. ಈಗ ಸೋಂಕಿದೆಯೋ ಹಿಂದೆ ಇದ್ದದ್ದೋ ಎಂದು ಅದು ಹೇಳಲಾರದು. ಚಿಕಿತ್ಸೆ ಮುಗಿಸಿ ವಾಸಿಯಾದವರು ಮತ್ತೆ ಇದೇ ಪರೀಕ್ಷೆ ಮಾಡಿಸಿ, 'ಪಾಸಿಟಿವ್' ಎಂದು ಬಂದದ್ದನ್ನು ನೋಡಿ ಇನ್ನೊಂದು ಸುತ್ತು ಆಂಟಿಬಯಾಟಿಕ್ ನುಂಗುವುದು ನಿಜಕ್ಕೂ ಸಂಕಟದ ಸಂಗತಿ. ಹುಣ್ಣಿನಿಂದ ರಕ್ತಸ್ರಾವವಾಗುತ್ತಿರುವಾಗ ಅಥವಾ ಆಮ್ಲದ ಮಾತ್ರೆ ನಿಲ್ಲಿಸಲು ಸಾಧ್ಯವೇ ಇಲ್ಲದಿರುವಾಗ ವೈದ್ಯರು ಇದನ್ನು ಬೇಕೆಂದು ಬರೆದರೆ ಅದಕ್ಕೆ ಅರ್ಥವಿದೆ. ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವುದಕ್ಕೆ ಅರ್ಥವಿಲ್ಲ.

ಇನ್ನು ಎಂಡೋಸ್ಕೋಪಿ. ಒಳಪದರ ಯಾವ ಸ್ಥಿತಿಯಲ್ಲಿದೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಇದೊಂದೇ. ಖರ್ಚು ಹೆಚ್ಚು, ಉಪವಾಸವಿರಬೇಕು, ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿದರೂ ಕೊಳವೆ ಇಳಿಯುವಾಗ ಓಕರಿಕೆ ಬರುತ್ತದೆ. ಆದರೆ ಕೆಲವೇ ನಿಮಿಷಗಳ ಕೆಲಸ. ವೈದ್ಯರು ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರೊಂದನ್ನು ಚಿವುಟಿ ತೆಗೆದು, ಯೂರಿಯಾ ಬೆರೆತ ಹಳದಿ ಲೋಳೆಯ ಪುಟ್ಟ ಗುಳಿಯೊಳಗೆ ಒತ್ತುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಚೂರಿನ ಸುತ್ತ ಮೊದಲು ಕಿತ್ತಳೆ ಬಣ್ಣದ ಅಂಚು ಮೂಡಿ, ನೋಡನೋಡುತ್ತಲೇ ಗುಳಿಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಲವರಲ್ಲಿ ನಿಮಿಷಗಳಲ್ಲಿ, ಕೆಲವರಲ್ಲಿ ಗಂಟೆಗಳ ಬಳಿಕ. ಹೆಚ್ಚಿನ ಕಡೆ ಇಷ್ಟಕ್ಕೇ ನಿಲ್ಲಿಸುತ್ತಾರೆ. ಕುಟುಂಬದಲ್ಲಿ ಜಠರ ಕ್ಯಾನ್ಸರ್ ಇದ್ದವರು, ವಯಸ್ಸಾದವರು ಬಯಾಪ್ಸಿಯನ್ನೂ ಕೇಳಬೇಕು: ಜಠರದ ಕೆಳಭಾಗದಿಂದ ಎರಡು, ನಡುಭಾಗದಿಂದ ಎರಡು, ಇವೆರಡರ ನಡುವಿನ ತಿರುವಿನಿಂದ ಒಂದು, ಹೀಗೆ ಐದು ಚೂರುಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಕಳುಹಿಸಿದರೆ ಪದರ ಎಲ್ಲಿ ಸವೆದಿದೆ, ಎಷ್ಟು ಮಾರ್ಪಟ್ಟಿದೆ ಎಂದು ತಿಳಿಯುತ್ತದೆ. ಕ್ಯಾನ್ಸರ್‌ನ ಹಾದಿಯಲ್ಲಿ ನೀವು ಯಾವ ಮೆಟ್ಟಿಲಲ್ಲಿದ್ದೀರಿ ಎಂಬುದನ್ನು ಉಸಿರೂ ಹೇಳುವುದಿಲ್ಲ, ಮಲವೂ ಹೇಳುವುದಿಲ್ಲ.

ಎಂಡೋಸ್ಕೋಪಿಯನ್ನು ಮುಂದೂಡಲೇಬಾರದ ಸಂದರ್ಭಗಳಿವೆ. ಪ್ರಯತ್ನಪಡದೆ ತೂಕ ಇಳಿಯುತ್ತಿದೆ, ಅನ್ನ ನುಂಗಲು ಕಷ್ಟ, ಮತ್ತೆ ಮತ್ತೆ ವಾಂತಿ, ವಾಂತಿಯಲ್ಲಿ ರಕ್ತ, ಟಾರಿನಂತೆ ಕಪ್ಪಗೆ ಅಂಟುವ ಮಲ, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಅಜೀರ್ಣ: ಇವುಗಳಲ್ಲಿ ಒಂದಿದ್ದರೂ ಉಸಿರು, ಮಲ ಎಂದು ಕಾಲ ಕಳೆಯಬೇಡಿ. ಇಂಥ ಯಾವ ಲಕ್ಷಣವೂ ಇಲ್ಲದ ಚಿಕ್ಕ ವಯಸ್ಸಿನವರಿಗೆ ಉಸಿರು ಅಥವಾ ಮಲ ಪರೀಕ್ಷೆಯೇ ಸಾಕು.

ರಕ್ತ ಪರೀಕ್ಷೆ ಬಿಟ್ಟು ಉಳಿದ ಮೂರಕ್ಕೂ ಒಂದು ಷರತ್ತಿದೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ಎರಡು ವಾರ ಮೊದಲೇ, ಆಂಟಿಬಯಾಟಿಕ್ ಮತ್ತು ಬಿಸ್ಮತ್ (ಹೊಟ್ಟೆಗೆ ಕೊಡುವ ಒಂದು ಲೋಹಾಂಶದ ಮದ್ದು) ಔಷಧಗಳನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ 'ನೆಗೆಟಿವ್' ಬರಬಹುದು. ಆ ಎರಡು ವಾರ ಉರಿ ತಡೆಯಲು ಆಮ್ಲಶಾಮಕ ಸಿರಪ್ ಸಾಕಾಗುತ್ತದೆ. ಆದರೆ ರಕ್ತ ತೆಳುವಾಗಿಸುವ ಔಷಧಿಯ ಜೊತೆಗೆ ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಚಿಕಿತ್ಸೆ: ಮೂರು ಔಷಧವೋ ನಾಲ್ಕೋ

ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಮೂರು ಔಷಧಗಳ ಚಿಕಿತ್ಸೆ: ಆಮ್ಲ ತಗ್ಗಿಸುವ ಮಾತ್ರೆ, ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್ ಎಂಬ ಎರಡು ಆಂಟಿಬಯಾಟಿಕ್, ಬೆಳಗ್ಗೆ ರಾತ್ರಿ ಎರಡು ಹೊತ್ತು. ದಿನಕ್ಕೊಂದು ಪಟ್ಟಿಯಂತೆ ಜೋಡಿಸಿದ ಏಳು ದಿನದ ಕಿಟ್ ರೂಪದಲ್ಲೂ ಸಿಗುತ್ತದೆ. ನುಂಗಲು ಸಲೀಸು, ಬಾಯಿ ಕಹಿಯಾಗುವುದು, ಸ್ವಲ್ಪ ಭೇದಿ ಬಿಟ್ಟರೆ ದೊಡ್ಡ ತೊಂದರೆಯಿಲ್ಲ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ಹೇಳಲೇಬೇಕು, ಕ್ಲಾರಿಥ್ರೊಮೈಸಿನ್ ಅದರೊಂದಿಗೆ ಹೊಂದುವುದಿಲ್ಲ. ಈ ಚಿಕಿತ್ಸೆಯ ದೌರ್ಬಲ್ಯ ಬೇರೆ ಕಡೆ ಇದೆ. ಬ್ಯಾಕ್ಟೀರಿಯಾ ಕ್ಲಾರಿಥ್ರೊಮೈಸಿನ್‌ಗೆ ಒಗ್ಗಿಹೋಗಿದ್ದರೆ ಇಡೀ ಚಿಕಿತ್ಸೆ ಬಿದ್ದುಹೋಗುತ್ತದೆ. ಕೆಮ್ಮು ನೆಗಡಿಗೆಲ್ಲ ಇದೇ ಜಾತಿಯ ಅಜಿಥ್ರೊಮೈಸಿನ್ ನುಂಗುವ ನಮ್ಮ ಅಭ್ಯಾಸ ಆ ಒಗ್ಗುವಿಕೆಗೆ ನೀರೆರೆಯುತ್ತಿದೆ. ಒಂದು ಪ್ರದೇಶದಲ್ಲಿ ಕ್ಲಾರಿಥ್ರೊಮೈಸಿನ್ ಪ್ರತಿರೋಧ ಶೇ 15 ದಾಟಿದ್ದರೆ ಪ್ರತಿರೋಧವನ್ನು ಪರೀಕ್ಷಿಸದೆ ಈ ಚಿಕಿತ್ಸೆ ಕೊಡಬಾರದು ಎಂಬುದು ಅಂತರರಾಷ್ಟ್ರೀಯ ಸಲಹೆ. ಏಳು ದಿನದ ಕಿಟ್ ಅಂತೂ ಸಾಲದು. ಹದಿನಾಲ್ಕು ದಿನ ಬೇಕು.

ನಾಲ್ಕು ಔಷಧಗಳದ್ದು ಇನ್ನೊಂದು ದಾರಿ: ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಇದೂ ಹದಿನಾಲ್ಕು ದಿನ. ಅಮೆರಿಕದ ಜಠರರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಮೊದಲ ಆಯ್ಕೆಯಾಗಿ ಇದನ್ನೇ ಮುಂದಿಟ್ಟಿದೆ. ಭಾರತದಲ್ಲಿ ಮೆಟ್ರೊನಿಡಜೋಲ್ ಪ್ರತಿರೋಧ ವ್ಯಾಪಕವಾಗಿದೆಯಲ್ಲ ಎಂದು ನೀವು ಕೇಳಬಹುದು. ನಿಜ; ಆದರೆ ಬಿಸ್ಮತ್ ಜೊತೆಗಿದ್ದು, ಪೂರ್ಣ ಪ್ರಮಾಣದಲ್ಲಿ ಪೂರ್ಣ ಅವಧಿಗೆ ಕೊಟ್ಟಾಗ ಆ ಪ್ರತಿರೋಧವನ್ನು ಬಹುಮಟ್ಟಿಗೆ ಮೀರಬಹುದು. ಪೆನಿಸಿಲಿನ್ ಅಲರ್ಜಿ ಇರುವವರಿಗೂ ಇದೇ ಸರಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಟೆಟ್ರಾಸೈಕ್ಲಿನ್ ಸಲ್ಲದು.

ಕಷ್ಟವೆಲ್ಲ ನುಂಗುವುದರಲ್ಲಿ. ತಿಂಡಿಗೆ, ಮಧ್ಯಾಹ್ನದ ಊಟಕ್ಕೆ, ರಾತ್ರಿ ಊಟಕ್ಕೆ, ಮಲಗುವ ಮುನ್ನ, ಹೀಗೆ ದಿನಕ್ಕೆ ನಾಲ್ಕು ಹೊತ್ತು, ಒಟ್ಟು ಹತ್ತು ಹನ್ನೆರಡಕ್ಕೂ ಹೆಚ್ಚು ಮಾತ್ರೆ. ಹಾಲು, ಮೊಸರು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ಜೊತೆ ಟೆಟ್ರಾಸೈಕ್ಲಿನ್ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ. ಎರಡು ಗಂಟೆಯಾದರೂ ಅಂತರ ಬೇಕು. ಮಜ್ಜಿಗೆಯಿಲ್ಲದೆ ಊಟ ಮುಗಿಸದವರು ಇದನ್ನು ಮೊದಲೇ ಯೋಚಿಸಿ ಹೊತ್ತು ಹೊಂದಿಸಿಕೊಳ್ಳಬೇಕು. ಲೋಟ ತುಂಬ ನೀರು ಕುಡಿಯಬೇಕು, ನುಂಗಿದ ತಕ್ಷಣ ಮಲಗಬಾರದು. ಬಿಸ್ಮತ್‌ನಿಂದ ನಾಲಗೆ, ಮಲ ಕಪ್ಪಾಗುತ್ತವೆ. ಅದು ಔಷಧದ ಬಣ್ಣ, ಗಾಬರಿ ಬೇಡ. ಮಲ ಅಂಟಂಟಾಗಿ ದುರ್ನಾತ ಬೀರುತ್ತಿದ್ದು ತಲೆಸುತ್ತೂ ಇದ್ದರೆ ಮಾತ್ರ ರಕ್ತಸ್ರಾವವಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ. ಮೆಟ್ರೊನಿಡಜೋಲ್ ನಡೆಯುವಷ್ಟು ದಿನ ಮದ್ಯ ಬೇಡ. ಟೆಟ್ರಾಸೈಕ್ಲಿನ್ ಎಲ್ಲ ಔಷಧ ಅಂಗಡಿಗಳಲ್ಲೂ ಇರುವುದಿಲ್ಲ. ಬದಲಿಗೆ ಡಾಕ್ಸಿಸೈಕ್ಲಿನ್ ಕೊಡುತ್ತೇವೆಂದರೆ ಒಪ್ಪಿಕೊಳ್ಳುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಈ ಸೋಂಕಿನ ಮಟ್ಟಿಗೆ ಅದು ಅಷ್ಟು ಪರಿಣಾಮಕಾರಿಯಲ್ಲ.

ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾಲ್ಕು ಔಷಧಗಳದ್ದನ್ನೇ ಆರಿಸುತ್ತೇನೆ. ಮೊದಲ ಸುತ್ತಿನಲ್ಲಿ ಸೋತರೆ ಮುಂದಿನ ಸುತ್ತು ಇನ್ನೂ ಕಷ್ಟವಾಗುತ್ತದೆ, ಬ್ಯಾಕ್ಟೀರಿಯಾ ಮತ್ತಷ್ಟು ಪಳಗಿರುತ್ತದೆ. ಹದಿನಾಲ್ಕು ದಿನದ ಕಿರಿಕಿರಿ ಅದಕ್ಕಿಂತ ವಾಸಿ. ದಿನಕ್ಕೆ ನಾಲ್ಕು ಹೊತ್ತು ಮಾತ್ರೆ ನೆನಪಿಟ್ಟುಕೊಳ್ಳುವುದು ಸಾಧ್ಯವೇ ಇಲ್ಲದ ಕೆಲಸದಲ್ಲಿರುವವರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಅರ್ಧಕ್ಕೆ ಬಿಟ್ಟ ನಾಲ್ಕಕ್ಕಿಂತ ಪೂರ್ತಿ ಮುಗಿಸಿದ ಮೂರು ಒಳ್ಳೆಯದು. ವೊನೊಪ್ರಜಾನ್ ಎಂಬ, ಆಮ್ಲವನ್ನು ಇನ್ನೂ ಬಲವಾಗಿ ತಡೆಯುವ ಔಷಧ ಜಪಾನಿನಲ್ಲಿ ಕೆಲವು ವರ್ಷಗಳಿಂದ ಬಳಕೆಯಲ್ಲಿದ್ದು ಈಚೆಗೆ ನಮ್ಮಲ್ಲಿಗೂ ಬಂದಿದೆ. ಇದರೊಂದಿಗೆ ಅಮಾಕ್ಸಿಸಿಲಿನ್ ಅಥವಾ ಇತರ ಆಂಟಿಬಯಾಟಿಕ್ ಕೊಡುವ ವೈದ್ಯರೂ ಇದ್ದಾರೆ. ಮೊದಲ ಚಿಕಿತ್ಸೆ ಕೈಕೊಟ್ಟಾಗ ಒಂದೇ ನಿಯಮ: ಹಿಂದೆ ಬಳಸಿದ ಕ್ಲಾರಿಥ್ರೊಮೈಸಿನ್ ಅಥವಾ ಲೆವೊಫ್ಲಾಕ್ಸಾಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಮತ್ತೆ ಬೇಡ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ.

ಜೇನು, ಬೆಳ್ಳುಳ್ಳಿ, ಜೀರಿಗೆ ಕಷಾಯ ಹೊಟ್ಟೆಗೆ ಹಿತವಾದಾವು, ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡಲಾರವು. ಉಪ್ಪು ಹೆಚ್ಚಿರುವ ಆಹಾರ ಮತ್ತು ತಂಬಾಕು ಜಠರ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತವೆ, ಹಾಗಾಗಿ ಊಟಕ್ಕೆಲ್ಲ ಉಪ್ಪಿನಕಾಯಿ, ಒಣಮೀನು ಬೇಕೆನ್ನುವವರು ಕೈ ಬಿಗಿಹಿಡಿಯಬೇಕು, ಬೀಡಿ ಸಿಗರೇಟು ಬಿಡಬೇಕು.

ಎಲ್ಲರೂ ಬಿಟ್ಟುಬಿಡುವ ಹಂತ

ಮಾತ್ರೆ ಮುಗಿಯಿತು, ಉರಿ ಕಡಿಮೆಯಾಯಿತು, ಜನ ಅಲ್ಲಿಗೆ ಮರೆಯುತ್ತಾರೆ. ಉರಿ ಕಡಿಮೆಯಾದದ್ದು ಬ್ಯಾಕ್ಟೀರಿಯಾ ಹೋದದ್ದಕ್ಕೆ ಸಾಕ್ಷಿಯಲ್ಲ. ಒಳ್ಳೆಯ ಚಿಕಿತ್ಸೆಯಲ್ಲೂ ಹತ್ತರಲ್ಲಿ ಒಬ್ಬಿಬ್ಬರಲ್ಲಿ ಅದು ಉಳಿದುಬಿಡುತ್ತದೆ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ, ಆಮ್ಲದ ಮಾತ್ರೆಯನ್ನೂ ಎರಡು ವಾರ ನಿಲ್ಲಿಸಿ, ಉಸಿರು ಅಥವಾ ಮಲ ಆಂಟಿಜೆನ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಖರ್ಚಿಗೆ ಹಿಂಜರಿಯುವವರಿಗೆ ನಾನು ಹೇಳುವುದಿಷ್ಟು: ಎಲ್ಲಿಯಾದರೂ ಉಳಿಸಿ, ಇಲ್ಲಿ ಉಳಿಸಬೇಡಿ.

ಏಕೆಂದರೆ ಕ್ಯಾನ್ಸರ್ ತಡೆಯುವುದು ಮಾತ್ರೆ ನುಂಗಿದ ಶ್ರಮವಲ್ಲ, ಬ್ಯಾಕ್ಟೀರಿಯಾ ನಿಜವಾಗಿ ಹೋಗಿರುವುದು. ಜಠರ ಕ್ಯಾನ್ಸರ್ ರೋಗಿಗಳ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರನ್ನೇ ಆರಿಸಿ ಕೊರಿಯಾದಲ್ಲಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಸುಮಾರು ಒಂಬತ್ತು ವರ್ಷಗಳಲ್ಲಿ, ಚಿಕಿತ್ಸೆ ಪಡೆದ 832 ಮಂದಿಯಲ್ಲಿ 10 ಜನರಿಗೆ, ಹುಸಿಮಾತ್ರೆ ಪಡೆದ 844 ಮಂದಿಯಲ್ಲಿ 23 ಜನರಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆ ಪಡೆದೂ ಕ್ಯಾನ್ಸರ್ ಬಂದ ಆ ಹತ್ತು ಮಂದಿಯಲ್ಲಿ ಅರ್ಧದಷ್ಟು ಜನರಲ್ಲಿ ಬ್ಯಾಕ್ಟೀರಿಯಾ ಹೋಗಿರಲೇ ಇಲ್ಲ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಊರಿಗೆ ಊರನ್ನೇ ಪರೀಕ್ಷಿಸಿ ಚಿಕಿತ್ಸೆ ಕೊಟ್ಟಾಗ ಜಠರ ಕ್ಯಾನ್ಸರ್ ಪ್ರಮಾಣ ಅರ್ಧಕ್ಕಿಂತ ಹೆಚ್ಚು ತಗ್ಗಿತು.

ಬಯಾಪ್ಸಿ ವರದಿಯಲ್ಲಿ ಬರೀ ಉರಿಯೂತವಿದ್ದು ಸೋಂಕು ಹೋಗಿದೆ ಎಂದು ಖಚಿತವಾದವರು ನಿಶ್ಚಿಂತರಾಗಿರಬಹುದು; ವಯಸ್ಕರಿಗೆ ಮತ್ತೆ ಸೋಂಕು ತಗಲುವುದು ಕಡಿಮೆ. ವರದಿಯಲ್ಲಿ 'ಅಟ್ರೋಫಿ' (ಒಳಪದರ ಸವೆದಿರುವುದು) ಅಥವಾ 'ಇಂಟೆಸ್ಟಿನಲ್ ಮೆಟಾಪ್ಲೇಸಿಯಾ' (ಪದರ ಕರುಳಿನದರಂತೆ ಮಾರ್ಪಟ್ಟಿರುವುದು) ಎಂಬ ಪದಗಳಿದ್ದು, ಅದು ಜಠರದ ಕೆಳಭಾಗ ಮತ್ತು ನಡುಭಾಗ ಎರಡರಲ್ಲೂ ಹರಡಿದ್ದರೆ ಲೆಕ್ಕ ಬೇರೆ. ಬ್ಯಾಕ್ಟೀರಿಯಾ ಹೋದ ಮೇಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಯುರೋಪಿನ ಮಾರ್ಗಸೂಚಿಯಂತೆ ಅಂಥವರು ಮೂರು ವರ್ಷಕ್ಕೊಮ್ಮೆ, ಕುಟುಂಬದಲ್ಲೂ ಜಠರ ಕ್ಯಾನ್ಸರ್ ಇದ್ದರೆ ಒಂದೆರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು. ವರದಿಯಲ್ಲಿ 'ಡಿಸ್‌ಪ್ಲೇಸಿಯಾ' (ಕೋಶಗಳ ರೂಪ ಕೆಟ್ಟಿರುವುದು) ಎಂದಿದ್ದರೆ ಮುಂದಿನ ವರ್ಷದವರೆಗೆ ಕಾಯದೆ ಅದೇ ವಾರ ಜಠರರೋಗ ತಜ್ಞರನ್ನು ಕಾಣಿ.